ಅಳಿದುಹೋದರು ಎನಿಸಿಕೊಂಡವರ ಕೊರಳ ಸರ

(ಕೈಕಸುಬಿನಲ್ಲಿ ಆಸಕ್ತಿಯುಳ್ಳ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ಬರೆದುಕೊಡಿ ಎಂದು ಹಲವರು ಕೇಳಿದ್ದರಿಂದ ಅಲ್ಲಲ್ಲಿ ತಿದ್ದಿ ಇಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಒಂದು ಹಳೆಯ ಫೋಟೋ ಹಾಕಿದ್ದೇನೆ, ನೋಡಿ. 1866ರದ್ದು. ಆಸ್ಟ್ರೇಲಿಯದ ದಕ್ಷಿಣಕ್ಕೆ, ಸಮುದ್ರದಾಚೆ ಇರುವ ಟಾಸ್ಮೇನಿಯ ದ್ವೀಪದಲ್ಲಿ ಚಾರ್ಲ್ಸ್ ವೂಲಿ ಎಂಬ ಛಾಯಾಗ್ರಾಹಕ ತೆಗೆದದ್ದು. ಆ ವರ್ಷ ಮೆಲ್ಬರ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ತೋರಿಸುವುದಕ್ಕೆಂದೇ ತೆಗೆಸಿದ ಚಿತ್ರ ಇದು. ಕುಳಿತಿರುವವರ ಹೆಸರು ಟ್ರುಗನೀನಿ, ಆ ದ್ವೀಪದ ಮೂಲನಿವಾಸಿ ಹೆಂಗಸು. ಈ ಚಿತ್ರ ನೋಡಿದವರೆಲ್ಲ ಮುಖವನ್ನೇ ನೋಡುತ್ತಾರೆ. ಅಂಥ ಮುಖ ಅದು, ಒಮ್ಮೆ ನೋಡಿದರೆ ಮರೆಯುವುದು ಕಷ್ಟ. ಆದರೆ ಇವತ್ತು ನೀವು ಸ್ವಲ್ಪ ಕೆಳಗೆ, ಕೊರಳಿನ ಕಡೆ ನೋಡಬೇಕು ಎಂದು ನನ್ನ ಕೋರಿಕೆ. ಸಣ್ಣ ಸಣ್ಣ ಚಿಪ್ಪುಗಳ ಸರ, ಹಲವು ಸುತ್ತು. ಮೈಮೇಲಿನ ಬಟ್ಟೆ ಯುರೋಪಿನದು. ಕ್ಯಾಮೆರಾ ಯುರೋಪಿನದು. ಕೂರಿಸಿದ ಭಂಗಿಯೂ ಅವರು ಹೇಳಿಕೊಟ್ಟದ್ದೇ. ಇಡೀ ಚಿತ್ರದಲ್ಲಿ ಆಕೆಯ ಜನರದ್ದು ಎಂದು ಇರುವುದು ಆ ಸರ ಒಂದೇ.

ಹತ್ತು ವರ್ಷಗಳ ನಂತರ, 1876ರ ಮೇ 8ರಂದು, ಟ್ರುಗನೀನಿ ತೀರಿಕೊಂಡರು. ಟಾಸ್ಮೇನಿಯದ ಕೊನೆಯ ಮೂಲನಿವಾಸಿ ಸತ್ತಳು ಎಂದು ಜಗತ್ತಿಗೆ ಸುದ್ದಿಯಾಯಿತು. ತನ್ನ ದೇಹವನ್ನು ಕೊಯ್ದು ನೋಡಬಾರದು, ಬೂದಿಯನ್ನು ಕಡಲಿಗೆ ಬಿಡಬೇಕು ಎಂದು ಆಕೆ ಬೇಡಿಕೊಂಡಿದ್ದರು. ಆ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೂತ ದೇಹವನ್ನು ಅಗೆದು ತೆಗೆದರು. ಆಕೆಯ ಅಸ್ಥಿಪಂಜರ 1947ರವರೆಗೆ ಟಾಸ್ಮೇನಿಯದ ರಾಜಧಾನಿ ಹೋಬಾರ್ಟಿನ ವಸ್ತುಸಂಗ್ರಹಾಲಯದಲ್ಲಿ ಜನ ನೋಡುವ ವಸ್ತುವಾಗಿ ನಿಂತಿತ್ತು. ಬೂದಿ ಕಡಲು ಸೇರಿದ್ದು 1976ರಲ್ಲಿ, ಸತ್ತು ನೂರು ವರ್ಷಕ್ಕೆ.

ಆ ನೂರು ವರ್ಷವೂ ಟಾಸ್ಮೇನಿಯದ ಮೂಲನಿವಾಸಿಗಳು ಮುಗಿದುಹೋದ ಜನ ಎಂದೇ ಮಕ್ಕಳಿಗೆ ಪಾಠ ಹೇಳಿದರು. ಅದೇ ನೂರು ವರ್ಷ, ಟಾಸ್ಮೇನಿಯಕ್ಕೂ ಆಸ್ಟ್ರೇಲಿಯಕ್ಕೂ ನಡುವಿನ ಬಾಸ್ ಜಲಸಂಧಿಯ ದ್ವೀಪಗಳಲ್ಲಿ, ಟ್ರುಗನೀನಿಯ ಕೊರಳಿನಲ್ಲಿದ್ದಂಥದೇ ಸರವನ್ನು ಹೆಂಗಸರು ಪೋಣಿಸುತ್ತ ಕೂತಿದ್ದರು. ಅಮ್ಮ ಮಗಳಿಗೆ, ಅತ್ತೆ ಸೊಸೆಗೆ ಹೇಳಿಕೊಡುತ್ತಿದ್ದರು. ಸರ್ಕಾರದ ಕಡತದಲ್ಲಿ ಇಲ್ಲದ ಜನ ದಾರದಲ್ಲಿ ಇದ್ದರು. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಇತಿಹಾಸ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಬ್ರಿಟಿಷರು ಟಾಸ್ಮೇನಿಯದಲ್ಲಿ ಬೀಡುಬಿಟ್ಟದ್ದು 1803ರಲ್ಲಿ. ಮೂವತ್ತು ವರ್ಷದೊಳಗೆ ಯುದ್ಧ, ರೋಗ, ಬೇಟೆ ಎಲ್ಲ ಸೇರಿ ಅಲ್ಲಿನ ಜನ ಕೆಲವೇ ನೂರಕ್ಕೆ ಇಳಿದರು. ಉಳಿದ ಸುಮಾರು 200 ಮಂದಿಯನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. 1833ರಲ್ಲಿ ಅಲ್ಲಿ ವೈಬಲೆನ್ನ ಎಂಬ ವಸತಿ ಶುರುವಾಯಿತು. ವಸತಿ ಎನ್ನುವುದು ಹೆಸರಿಗೆ. ಜನ ಅಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. 1847ರಲ್ಲಿ ಅದನ್ನು ಮುಚ್ಚಿ ಹೋಬಾರ್ಟಿನ ದಕ್ಷಿಣದ ಆಯ್ಸ್ಟರ್ ಕೋವ್‌ಗೆ ಕರೆತಂದಾಗ ಇದ್ದವರು 47 ಮಂದಿ. ಇನ್ನೊಂದು ಕವಲೂ ಇದೆ. ಅದಕ್ಕೂ ಮೊದಲೇ, ಸೀಲ್ ಬೇಟೆಗೆ ಬಂದ ಬಿಳಿಯ ನಾವಿಕರು ಮೂಲನಿವಾಸಿ ಹೆಂಗಸರನ್ನು ಬಾಸ್ ಜಲಸಂಧಿಯ ಸಣ್ಣ ದ್ವೀಪಗಳಿಗೆ ಒಯ್ದಿದ್ದರು. ಬಹುಪಾಲು ಬಲವಂತವಾಗಿ. ಆ ಹೆಂಗಸರ ಮಕ್ಕಳು ಮೊಮ್ಮಕ್ಕಳೇ ಕೇಪ್ ಬ್ಯಾರನ್ ದ್ವೀಪದ, ಫ್ಲಿಂಡರ್ಸ್ ದ್ವೀಪದ ಇವತ್ತಿನ ಕುಟುಂಬಗಳು. 2021ರ ಜನಗಣತಿಯಲ್ಲಿ ಟಾಸ್ಮೇನಿಯದ ಸುಮಾರು 30,000 ಮಂದಿ ತಾವು ಮೂಲನಿವಾಸಿ ಮೂಲದವರು ಎಂದು ಬರೆಸಿದ್ದಾರೆ.

ಈಗ ಸರದ ಹತ್ತಿರ ಹೋಗೋಣ.

ಈ ಚಿಪ್ಪಿಗೆ ಮೈರೀನರ್ ಎಂದು ಹೆಸರು. ಕಡಲಕಳೆಗೆ ಅಂಟಿಕೊಂಡು ಬದುಕುವ ಪುಟ್ಟ ಬಸವನಹುಳುವಿನ ಜಾತಿ. ಕಿರುಬೆರಳಿನ ಉಗುರಿನಷ್ಟು, ಕೆಲವೊಮ್ಮೆ ಅದಕ್ಕಿಂತ ಚಿಕ್ಕದು. ನೀರಿನಿಂದ ತೆಗೆದಾಗ ನೋಡಿದರೆ ಮಂಕು ಕಂದು ಬಣ್ಣ, ಏನೂ ಚೆಂದವಿಲ್ಲ. ಮೇಲಿನ ಪೊರೆ ತೆಗೆದರೆ ಒಳಗಿನಿಂದ ಹಸಿರು, ನೀಲಿ, ಒಂದಿಷ್ಟು ಗುಲಾಬಿ, ಎಲ್ಲ ಒಟ್ಟಿಗೆ ಹೊಳೆಯುತ್ತದೆ. ನವಿಲಿನ ಕೊರಳನ್ನು ಬಿಸಿಲಿನಲ್ಲಿ ನೋಡಿದ್ದೀರಲ್ಲ, ತಿರುಗಿದಂತೆ ಬಣ್ಣ ತಿರುಗುತ್ತದೆ, ಹಾಗೆ. ಹೋಬಾರ್ಟಿನಲ್ಲಿ ಗಾಜಿನ ಹಿಂದೆ ಇಂಥ ಸರವನ್ನು ಮೊದಲ ಸಲ ನೋಡಿದಾಗ ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಜ್ಜೆ ಹಾಕುತ್ತ ಬಹಳ ಹೊತ್ತು ನಿಂತಿದ್ದೆ.

ದಡಕ್ಕೆ ತಾನೇ ಬಂದು ಬಿದ್ದ ಮೈರೀನರ್ ಸರಕ್ಕೆ ಆಗುವುದಿಲ್ಲ. ಅಲೆಗೂ ಬಿಸಿಲಿಗೂ ಸಿಕ್ಕು ಅದರ ಹೊಳಪು ಹೋಗಿರುತ್ತದೆ. ಜೀವಂತ ಚಿಪ್ಪನ್ನೇ ಕಳೆಯ ಎಲೆಯಿಂದ ಬಿಡಿಸಬೇಕು. ಆ ಕಳೆ ಇರುವ ಜಾಗಕ್ಕೆ ಕಾಲಿಡುವುದಕ್ಕೆ ಆಗುವುದು ಕಡಲು ತೀರಾ ಹಿಂದೆ ಸರಿದಾಗ ಮಾತ್ರ. ಅಂಥ ದೊಡ್ಡ ಇಳಿತ ವರ್ಷದಲ್ಲಿ ಕೆಲವೇ ದಿನ, ದಿನದಲ್ಲಿ ಸ್ವಲ್ಪವೇ ಹೊತ್ತು. ತಣ್ಣನೆಯ ನೀರಿನಲ್ಲಿ, ಮೊಣಕಾಲು ಸೊಂಟ ಮುಳುಗುವವರೆಗೆ ನಿಂತು, ಬಗ್ಗಿ, ಎಲೆ ಮಗುಚಿ ನೋಡಿ ಒಂದೊಂದೇ ಆರಿಸುವುದು. ಮರಿಗಳನ್ನು ಬಿಟ್ಟು ಬಲಿತದ್ದನ್ನು ಮಾತ್ರ ತೆಗೆಯುವುದು.

ಮನೆಗೆ ತಂದ ಮೇಲೆ ಅದರೊಳಗಿನ ಜೀವ ಕೊಳೆತು ಹೋಗುವವರೆಗೆ ವಾರಗಟ್ಟಲೆ ಇಡಬೇಕು. ಆ ವಾಸನೆಯ ಬಗ್ಗೆ ನಾನು ವರ್ಣಿಸುವುದಿಲ್ಲ, ಕರಾವಳಿಯವರಿಗೆ ಊಹೆಗೆ ಸಿಗುತ್ತದೆ. ಆಮೇಲೆ ತೊಳೆದು, ಮೇಲಿನ ಪೊರೆ ಬಿಡಿಸಿ, ಉಜ್ಜಿ ಹೊಳಪು ತರಿಸಬೇಕು. ಹಿಂದೆ ಈ ಕೆಲಸವನ್ನು ಹೊಗೆ ಮಾಡುತ್ತಿತ್ತು. ಬೆಂಕಿಯ ಹೊಗೆಗೆ ಹಿಡಿದು, ಹುಲ್ಲಿನಲ್ಲಿ ಉಜ್ಜಿದರೆ ಪೊರೆ ಸುಲಿಯುತ್ತಿತ್ತು. ಹೊಗೆಯಲ್ಲಿ ಹುಳಿಯ ಅಂಶವಿದೆ, ಅದೇ ಪೊರೆಯನ್ನು ಕರಗಿಸುವುದು. ಇಂದಿನವರು ವಿನೆಗರ್ ಬಳಸುತ್ತಾರೆ, ರಸಾಯನಶಾಸ್ತ್ರ ಒಂದೇ. ರಂಧ್ರ ಕೊರೆಯಲು ಹಿಂದೆ ಕಾಂಗರೂ ಜಾತಿಯ ಪ್ರಾಣಿಯ ಹಲ್ಲು, ಪೋಣಿಸಲು ಅದರದೇ ನರ. ಈಗ ಸೂಜಿ ಮತ್ತು ಗಟ್ಟಿ ದಾರ. ಎರಡು ಮೀಟರಿನಷ್ಟು ಉದ್ದದ ಸರಗಳೂ ಇವೆ. ಅದಕ್ಕೆ ನೂರಾರು ಚಿಪ್ಪು ಬೇಕು, ಅದೂ ಒಂದೇ ಅಳತೆಯವು. ಒಂದು ಸರಕ್ಕೆ ಬೇಕಾದಷ್ಟು ಚಿಪ್ಪು ಕೂಡಿಸಲು ತಿಂಗಳುಗಳು, ಒಮ್ಮೊಮ್ಮೆ ವರ್ಷವೇ ಹಿಡಿಯುತ್ತದೆ.

ಮೈರೀನರ್ ಜೊತೆಗೆ ಬೇರೆ ಚಿಪ್ಪುಗಳೂ ಸೇರುತ್ತವೆ. ಅವುಗಳಿಗೆ ದ್ವೀಪದ ಹೆಂಗಸರು ಇಟ್ಟ ಹೆಸರುಗಳು ನನಗೆ ತುಂಬ ಇಷ್ಟ. ಅಕ್ಕಿಕಾಳಿನಂತೆ ಇರುವುದು ಅಕ್ಕಿಚಿಪ್ಪು. ಕಪ್ಪಗಿರುವುದು ಕರಿಕಾಗೆ. ಇನ್ನೊಂದು ಬೆಕ್ಕಿನ ಹಲ್ಲು. ಪೆಂಗ್ವಿನ್ ಚಿಪ್ಪು ಎಂದೂ ಒಂದಿದೆ. ಇಂಗ್ಲಿಷಿನ ಹೆಸರುಗಳನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ, ಅಷ್ಟೆ. ಯಾವುದರ ಪಕ್ಕ ಯಾವುದು, ಎಷ್ಟಾದ ಮೇಲೆ ಎಷ್ಟು, ಈ ಲೆಕ್ಕ ಕುಟುಂಬದಿಂದ ಕುಟುಂಬಕ್ಕೆ ಬೇರೆ. ತಿಳಿದವರು ಸರ ನೋಡಿಯೇ ಇದು ಯಾರ ಕೈ ಎಂದು ಹೇಳುತ್ತಾರೆ. ನಮ್ಮಲ್ಲಿ ಹಾಡುವವರ ಒಂದು ಎಳೆ ಕೇಳಿದರೆ ಯಾವ ಗುರುವಿನ ಪಾಠ ಎಂದು ಗುರುತಿಸುವುದಿಲ್ಲವೇ, ಹಾಗೆ. ಎಲ್ಲಿ ಒಳ್ಳೆಯ ಚಿಪ್ಪು ಸಿಗುತ್ತದೆ ಎಂಬುದನ್ನು ಮನೆಯಾಚೆ ಹೇಳುವುದಿಲ್ಲ. ಏಕೆ ಹೇಳುವುದಿಲ್ಲ ಎಂಬುದಕ್ಕೆ ಕಹಿಯಾದ ಕಾರಣವೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಳಿಯ ವ್ಯಾಪಾರಿಗಳು ಇದೇ ಚಿಪ್ಪನ್ನು ರಾಶಿರಾಶಿಯಾಗಿ ಬಾಚಿ, ‘ಹೋಬಾರ್ಟ್ ಸರ’ ಎಂದು ಹೆಸರಿಟ್ಟು ಮಾರಿದರು. ಸರ ಮಾರುಕಟ್ಟೆಗೆ ಬಂತು. ಅದನ್ನು ಮಾಡುತ್ತಿದ್ದ ಜನ ಮಾತ್ರ ಇಲ್ಲವೆಂದೇ ಲೆಕ್ಕ.

ಲೋಲಾ ಗ್ರೀನೋ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 1946ರಲ್ಲಿ ಕೇಪ್ ಬ್ಯಾರನ್ ದ್ವೀಪದಲ್ಲಿ ಹುಟ್ಟಿದವರು. ತಾಯಿ ವ್ಯಾಲ್ ಮ್ಯಾಕ್‌ಸ್ವೀನ್, ಅತ್ತೆ ಡಲ್ಸಿ ಗ್ರೀನೋ, ಇಬ್ಬರೂ ಸರ ಪೋಣಿಸುವುದರಲ್ಲಿ ಹೆಸರಾದವರು. 2014ರಲ್ಲಿ ಲೋಲಾ ಅವರ ಸರಗಳದ್ದೇ ಒಂದು ದೊಡ್ಡ ಪ್ರದರ್ಶನ ಆಸ್ಟ್ರೇಲಿಯದ ಊರೂರು ಸುತ್ತಲು ಹೊರಟಿತು. ಆ ದೇಶದ ಕರಕುಶಲದ ಜೀವಂತ ನಿಧಿಗಳು ಎಂಬ ಸಾಲಿನಲ್ಲಿ ಅವರನ್ನು ಗೌರವಿಸಿದರು. ಅವರ ಸರಗಳಲ್ಲಿ ಮೈರೀನರ್ ಅಲ್ಲದೆ ಹಕ್ಕಿಯ ಗರಿ, ಮುಳ್ಳುಹಂದಿಯಂಥ ಎಕಿಡ್ನಾದ ಮುಳ್ಳು, ಎಲುಬು ಕೂಡ ಬರುತ್ತವೆ. ಸಂಪ್ರದಾಯ ಎಂದರೆ ನಿನ್ನೆಯದನ್ನೇ ಮತ್ತೆ ಮಾಡುವುದು ಎಂದುಕೊಂಡವರು ಆ ಸರಗಳನ್ನು ನೋಡಬೇಕು.

ಈಗಿನ ಆತಂಕ ಬೇರೆಯದು. ಟಾಸ್ಮೇನಿಯದ ಪೂರ್ವ ಕರಾವಳಿಯ ನೀರು ಬೆಚ್ಚಗಾಗುತ್ತಿದೆ. ಅಲ್ಲಿನ ದೈತ್ಯ ಕೆಲ್ಪ್ ಕಾಡುಗಳಲ್ಲಿ, ಅಂದರೆ ಕಡಲೊಳಗೆ ಮರದೆತ್ತರ ಬೆಳೆಯುವ ಕಳೆಯ ಕಾಡುಗಳಲ್ಲಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಣ್ಮರೆಯಾಗಿದೆ. 2012ರಲ್ಲಿ ಅವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಕಡಲಕಳೆ ಸೊರಗಿದರೆ ಅದನ್ನು ನಂಬಿದ ಚಿಪ್ಪೂ ಸೊರಗುತ್ತದೆ. ಹಿಂದಿನಷ್ಟು ಮೈರೀನರ್ ಈಗ ಸಿಗುತ್ತಿಲ್ಲ ಎಂದು ಸರ ಮಾಡುವವರೇ ಹೇಳುತ್ತಿದ್ದಾರೆ. ಬಂದೂಕಿಗೆ, ಗಡೀಪಾರಿಗೆ, ಕಾನೂನಿಗೆ ತಡೆಯಲಾಗದ ದಾರವನ್ನು ಬಿಸಿಯಾದ ನೀರು ತಡೆದೀತೇ ಎಂಬುದು ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ.

ಚಿಪ್ಪಿನ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ನಾರಿನ ಕೆಲಸದ ಕಥೆ ಹಾಗಲ್ಲ, ಅದು ಕಡಿದುಹೋಗಿತ್ತು.

ಟಾಸ್ಮೇನಿಯದ ಹೆಂಗಸರು ಬುಟ್ಟಿ ಹೆಣೆಯುವುದರಲ್ಲಿ ನುರಿತವರಾಗಿದ್ದರು. ಬುಟ್ಟಿಯನ್ನು ಕೊರಳಿಗೆ ತೂಗುಹಾಕಿಕೊಂಡು ಕಡಲಿಗೆ ಧುಮುಕಿ, ಬಂಡೆಗಂಟಿದ ಅಬಲೋನಿ ಚಿಪ್ಪನ್ನು ಕಿತ್ತು ತರುತ್ತಿದ್ದರು. ಫ್ಯಾನಿ ಕಾಕ್ರನ್ ಸ್ಮಿತ್ ಅಂಥ ಬುಟ್ಟಿ ಹೆಣೆಯಬಲ್ಲವರು. 1834ರಲ್ಲಿ ವೈಬಲೆನ್ನದಲ್ಲಿ ಹುಟ್ಟಿ 1905ರವರೆಗೆ ಬದುಕಿದ್ದರು. 1899ರಲ್ಲಿ ಮತ್ತು 1903ರಲ್ಲಿ ಮೇಣದ ಸಿಲಿಂಡರಿನ ಮೇಲೆ ತಮ್ಮ ಜನರ ಹಾಡುಗಳನ್ನು ಹಾಡಿ ಉಳಿಸಿ ಹೋದವರೂ ಅವರೇ. ಅವರ ಕಾಲದ ನಂತರ ಬುಟ್ಟಿಯ ಕೈ ಹೆಚ್ಚುಕಡಿಮೆ ನಿಂತೇ ಹೋಯಿತು.

ಸುಮಾರು ನೂರು ವರ್ಷದ ಮೇಲೆ, 2006ರಲ್ಲಿ, ಟಾಸ್ಮೇನಿಯದ ಮೂಲನಿವಾಸಿ ಹೆಂಗಸರು ಒಟ್ಟುಗೂಡಿ ಈ ಕೈಯನ್ನು ಮತ್ತೆ ಕಲಿಯಲು ಹೊರಟರು. ಆ ಕೆಲಸಕ್ಕೆ ಅವರು ಇಟ್ಟ ಹೆಸರು ‘ಟಾಯೆನೆಬೆ’. ಅವರ ನುಡಿಯ ಮಾತು ಅದು, ನಮ್ಮ ಕೊಳುಕೊಡೆ ಎಂಬ ಮಾತಿಗೆ ತೀರಾ ಹತ್ತಿರ. ಹೇಳಿಕೊಡಲು ಬದುಕಿದ್ದವರು ಯಾರೂ ಇರಲಿಲ್ಲ. ಇದ್ದದ್ದು ವಸ್ತುಸಂಗ್ರಹಾಲಯದ ಕಪಾಟಿನಲ್ಲಿದ್ದ ಹಳೆಯ ಬುಟ್ಟಿಗಳು. ಟ್ರುಗನೀನಿಯ ಎಲುಬನ್ನು ಇಟ್ಟುಕೊಂಡಿದ್ದ ಸಂಸ್ಥೆಯ ಕಪಾಟು ಅದು, ಮರೆಯಬೇಡಿ. ಆ ಬುಟ್ಟಿಗಳ ಎದುರು ಹೆಂಗಸರು ಕೂತರು. ಎಳೆ ಯಾವ ಕಡೆಗೆ ಹೊರಳಿದೆ, ಅಂಚು ಎಲ್ಲಿ ಮುಗಿದಿದೆ, ಹಿಡಿಯ ಹಗ್ಗ ಎಲ್ಲಿ ಬುಟ್ಟಿಯೊಳಗೆ ಸೇರಿಕೊಂಡಿದೆ ಎಂದು ಹುಡುಕಿದರು. ಬುಟ್ಟಿಯೇ ಗುರು ಆಯಿತು.

ಆ ಹೆಣಿಗೆ ಹೇಗಿರುತ್ತದೆ ಎಂದರೆ, ಎರಡು ಎಳೆಗಳು ಒಂದನ್ನೊಂದು ಹೊರಳಿ ದಾಟುತ್ತ, ನಡುವೆ ನೆಟ್ಟಗೆ ನಿಂತ ಎಲೆಯನ್ನು ಎರಡು ಬದಿಯಿಂದ ಅಪ್ಪಿ ಹಿಡಿಯುತ್ತ ಸಾಗುತ್ತವೆ. ಎಲೆ ಹಸಿಯಾಗಿದ್ದರೆ ಒಣಗಿದ ಮೇಲೆ ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ, ತೀರಾ ಒಣಗಿದ್ದರೆ ಮುರಿಯುತ್ತದೆ. ಅದಕ್ಕೆ ಹಸಿ ಎಲೆಯನ್ನು ಬೆಂಕಿಯ ಮೇಲೆ ಆಡಿಸುತ್ತಾರೆ. ಕಡುಬಿಗೆ ಬಾಳೆಲೆ ಬಾಡಿಸುತ್ತೇವಲ್ಲ, ಅದೇ. ಬಿಳಿ ಹೂವಿನ ಐರಿಸ್ ಜಾತಿಯ ಗಿಡ, ನೀಲಿ ಹಣ್ಣಿನ ಫ್ಲಾಕ್ಸ್ ಲಿಲಿ, ಸ್ಯಾಗ್ ಎಂಬ ಉದ್ದೆಲೆಯ ಹುಲ್ಲು, ಇವೆಲ್ಲ ಬುಟ್ಟಿಗೆ ಬರುತ್ತವೆ. 2009ರಲ್ಲಿ ಹೋಬಾರ್ಟಿನಲ್ಲಿ ಪ್ರದರ್ಶನ ಏರ್ಪಟ್ಟಾಗ ಹಳೆಯ ಬುಟ್ಟಿಗಳೂ ಹೊಸ ಬುಟ್ಟಿಗಳೂ ಒಂದೇ ಛಾವಣಿಯ ಕೆಳಗೆ ಕೂತವು.

ಕಡಲಕಳೆಯಿಂದಲೇ ಮಾಡಿದ ನೀರಿನ ಚೀಲವೂ ಈ ಜನರದ್ದೇ. ಬುಲ್ ಕೆಲ್ಪ್ ಎಂಬ ದಪ್ಪ ಕಳೆಯನ್ನು ಕತ್ತರಿಸಿ, ಅಂಚಿಗೆ ತೂತು ಮಾಡಿ, ಕಡ್ಡಿ ಸಿಕ್ಕಿಸಿ, ನೆರಿಗೆ ಹಿಡಿದು ಕಟ್ಟಿದರೆ ನೀರು ಹೊರುವ ಪಾತ್ರೆ ಸಿದ್ಧ. ಅವರ ನುಡಿಯಲ್ಲಿ ಅದು ರಿಕಾವಾ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಹೋದ ಒಂದು ರಿಕಾವಾ ಇವತ್ತಿಗೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಈಗಿನ ಕಲಾವಿದೆಯರು ಮತ್ತೆ ರಿಕಾವಾ ಮಾಡುತ್ತಿದ್ದಾರೆ.

ಟಾಸ್ಮೇನಿಯ ಬಿಟ್ಟು ಸ್ವಲ್ಪ ಆಚೆ ಹೋಗಿ ಬರೋಣ. ದಕ್ಷಿಣ ಆಸ್ಟ್ರೇಲಿಯದಲ್ಲಿ, ಮರ್ರೆ ನದಿ ಕಡಲು ಸೇರುವ ಕಡೆ, ನಾರಿಂಜೆರಿ ಜನರಿದ್ದಾರೆ. ಅವರದು ಜೊಂಡಿನ ಹೆಣಿಗೆ. ನಮ್ಮ ಹೆಂಗಸರು ಕೊಡ ಹೊರಲು ತಲೆಯ ಮೇಲೆ ಸಿಂಬೆ ಇಟ್ಟುಕೊಳ್ಳುತ್ತಿದ್ದರಲ್ಲ, ಅಂಥ ಸಿಂಬೆಯನ್ನು ಸುತ್ತುತ್ತಲೇ ಹೋಗಿ, ಒಂದು ಸುತ್ತನ್ನು ಹಿಂದಿನ ಸುತ್ತಿಗೆ ಹೊಲಿಯುತ್ತ ಹೋದರೆ ಅವರ ಬುಟ್ಟಿಯಾಗುತ್ತದೆ. ಯವಾನ್ ಕೂಲ್‌ಮ್ಯಾಟ್ರಿ 1982ರಲ್ಲಿ, ಒಂದೇ ದಿನದ ಶಿಬಿರದಲ್ಲಿ, ಡೊರೊಥಿ ಕಾರ್ಟಿನ್ಯೆರಿ ಎಂಬ ಹಿರಿಯರಿಂದ ಇದನ್ನು ಕಲಿತರು. ಹದಿನೈದು ವರ್ಷದ ಮೇಲೆ, 1997ರಲ್ಲಿ, ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಆಸ್ಟ್ರೇಲಿಯವನ್ನು ಪ್ರತಿನಿಧಿಸಿದ ಮೂವರು ಮೂಲನಿವಾಸಿ ಕಲಾವಿದೆಯರಲ್ಲಿ ಅವರೊಬ್ಬರು. ಅಲ್ಲಿಗೆ ಹೋದದ್ದರಲ್ಲಿ ಹಾವುಮೀನು ಹಿಡಿಯುವ ಕೂಳಿಯೂ ಇತ್ತು. ಒಂದೇ ದಿನದ ಪಾಠ! ಅದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ದಿನ ಮಳೆ ಬಂದು ಅವರು ಶಿಬಿರಕ್ಕೆ ಹೋಗದೆ ಇದ್ದಿದ್ದರೆ?

ಮಧ್ಯ ಮರುಭೂಮಿಯ ಹೆಂಗಸರ ಚಾಂಪಿ ಗುಂಪು 1995ರಲ್ಲಿ ಶುರುವಾದದ್ದು. ಚಾಂಪಿ ಎಂದರೆ ಹುಲ್ಲು. ಹುಲ್ಲಿನಲ್ಲೇ ಒಂದು ಟೊಯೋಟ ಗಾಡಿಯನ್ನು ಹೆಣೆದು 2005ರಲ್ಲಿ ಆಸ್ಟ್ರೇಲಿಯದ ಅತಿ ದೊಡ್ಡ ಮೂಲನಿವಾಸಿ ಕಲಾ ಪ್ರಶಸ್ತಿ ಗೆದ್ದರು. ಹುಲ್ಲು ಕೊಯ್ಯಲು ಮರುಭೂಮಿಯಲ್ಲಿ ದೂರ ಹೋಗಬೇಕು, ಹೋಗುವುದು ಟೊಯೋಟದಲ್ಲಿ, ಅದಕ್ಕೇ ಅದು ಅವರ ಬದುಕಿನ ಚಿತ್ರ.

ಸಿಡ್ನಿಯ ಲಾ ಪೆರೂಸ್ ಕರಾವಳಿಯ ಬಗ್ಗೆ ಒಂದು ಜಗಳದ ಮಾತಿದೆ. ಅಲ್ಲಿನ ಹೆಂಗಸರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ರಟ್ಟಿನ ಡಬ್ಬಿ, ಪುಟಾಣಿ ಚಪ್ಪಲಿ, ಇವಕ್ಕೆಲ್ಲ ಚಿಪ್ಪು ಅಂಟಿಸಿ ಪ್ರವಾಸಿಗರಿಗೆ ಮಾರುತ್ತಿದ್ದರು. 1932ರಲ್ಲಿ ಹಾರ್ಬರ್ ಸೇತುವೆ ತೆರೆದ ಮೇಲೆ ಚಿಪ್ಪಿನ ಸೇತುವೆಗಳೂ ಬಂದವು. ಎಮ್ಮಾ ಟಿಂಬರಿ ಅವರ ಚಿಪ್ಪಿನ ಕೆಲಸ 1910ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತ್ತು. ಅದೇ ಮನೆತನದ ಎಸ್ಮಿ ಟಿಂಬರಿ 2005ರಲ್ಲಿ ನ್ಯೂ ಸೌತ್ ವೇಲ್ಸ್ ಸಂಸತ್ತಿನ ಕಲಾ ಪ್ರಶಸ್ತಿ ಪಡೆದರು. ಆದರೂ ಇದು ಬರೀ ಪ್ರವಾಸಿ ಸರಕು, ಇದರಲ್ಲಿ ಮೂಲನಿವಾಸಿತನ ಎಲ್ಲಿದೆ ಎಂದು ಕೇಳುವವರು ಬಹಳ ಕಾಲ ಇದ್ದರು. ನನಗೆ ಆ ಪ್ರಶ್ನೆಯೇ ಅನ್ಯಾಯದ್ದು ಅನಿಸುತ್ತದೆ. ತಮ್ಮ ಕಡಲ ದಡದಲ್ಲಿ, ಯಾವ ಕೊಲ್ಲಿಯಲ್ಲಿ ಯಾವ ಚಿಪ್ಪು ಎಂದು ಅಜ್ಜಿಯಿಂದ ತಿಳಿದು, ಮಕ್ಕಳನ್ನು ಕಟ್ಟಿಕೊಂಡು ಹೋಗಿ ಆರಿಸಿ ತಂದದ್ದು ಅದು. ಆಕಾರ ಸೇತುವೆಯದಾದರೆ ಏನಾಯಿತು? ಆ ಸೇತುವೆ ನಿಂತಿರುವುದೂ ಮೂಲನಿವಾಸಿಗಳ ನೆಲದ ಮೇಲೆಯೇ.

ಕೊನೆಗೆ ಉತ್ತರದ ಆರ್ನೆಮ್ ಲ್ಯಾಂಡ್. ಇಲ್ಲಿ ನಮಗೆ ಪರಿಚಯದ ಗಿಡವೊಂದು ಸಿಗುತ್ತದೆ. ಅಲ್ಲಿನ ಚಾಪೆ, ಬುಟ್ಟಿಗಳು ಪಂಡಾನಸ್ ಎಲೆಯವು. ನಮ್ಮ ಕೇದಗೆ, ಕರಾವಳಿಯ ಮುಂಡಿಗೆ ಎಲ್ಲ ಅದೇ ಕುಲ. ನಡುಸುಳಿಯ ಎಳೆ ಎಲೆಯನ್ನು ಕೊಕ್ಕೆಯಿಂದ ಎಳೆದು, ಅಂಚಿನ ಮುಳ್ಳು ತೆಗೆದು, ಹೆಬ್ಬೆರಳ ಉಗುರಿನಿಂದ ಸೀಳಿ, ಒಣಗಿಸಿ, ಬೇರಿನ ಬಣ್ಣದಲ್ಲಿ ಕುದಿಸುತ್ತಾರೆ. ಬೇರು ಹಳದಿ ಕೊಡುತ್ತದೆ. ಅದಕ್ಕೇ ಬೂದಿ ಬೆರೆಸಿದರೆ ಕೆಂಪಿಗೆ ತಿರುಗುತ್ತದೆ. ಅರಿಸಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.

ಟ್ರುಗನೀನಿಯ ಸರ ಏನಾಯಿತು ಎಂದು ಒಬ್ಬರು ಕೇಳಿದರು. ಆಕೆಯದೆಂದು ಹೇಳುವ ಒಂದು ಸರ ಮತ್ತು ಕೈಬಳೆ ಇಂಗ್ಲೆಂಡಿನ ಎಕ್ಸೆಟರ್ ಊರಿನ ವಸ್ತುಸಂಗ್ರಹಾಲಯದಲ್ಲಿದ್ದವು. 1997ರಲ್ಲಿ ಅವನ್ನು ಟಾಸ್ಮೇನಿಯಕ್ಕೆ ಮರಳಿಸಿದರು. ಹೋಬಾರ್ಟಿನ ವಸ್ತುಸಂಗ್ರಹಾಲಯ 2021ರಲ್ಲಿ, ತಾನು ಮಾಡಿದ್ದಕ್ಕೆಲ್ಲ ಮೂಲನಿವಾಸಿ ಸಮುದಾಯದ ಕ್ಷಮೆ ಕೇಳಿತು.

ಅಲ್ಲಿಗೆ ಹೋದಾಗ ಇಂಥವನ್ನು ಕೊಳ್ಳಬಹುದೇ, ನಾವು ತೊಟ್ಟರೆ ತಪ್ಪೇ ಎಂದು ಕೇಳಿದವರು ಒಬ್ಬ ಕಾಲೇಜು ಹುಡುಗಿ. ಕೊಳ್ಳಿ, ತೊಡಿ. ಮಾಡಿದವರ ಹೆಸರು, ಊರು ಕೇಳಿ ಕೊಳ್ಳಿ. ಹೆಸರು ಹೇಳಲಾಗದ ಅಂಗಡಿಯಿಂದ ಕೊಳ್ಳಬೇಡಿ. ಇಂಡೋನೇಷ್ಯದಲ್ಲಿ ಮಾಡಿಸಿದ ಸರಕನ್ನು ಮೂಲನಿವಾಸಿಗಳ ಕೈಕೆಲಸ ಎಂದು ಮಾರಿದ ಒಂದು ಕಂಪನಿಗೆ 2019ರಲ್ಲಿ ಅಲ್ಲಿನ ಫೆಡರಲ್ ಕೋರ್ಟು 23 ಲಕ್ಷ ಡಾಲರ್ ದಂಡ ಹಾಕಿದೆ. ಬೆಲೆ ಹೆಚ್ಚು ಎನಿಸಿದರೆ ಆ ತಣ್ಣನೆಯ ನೀರನ್ನು, ಬಗ್ಗಿದ ಬೆನ್ನನ್ನು ಒಮ್ಮೆ ನೆನೆಸಿಕೊಳ್ಳಿ.

ಎಲ್ಲರೂ ಏಳುತ್ತಿದ್ದಾಗ ಕುಂದಾಪುರದ ಕಡೆಯ ಅಜ್ಜಿಯೊಬ್ಬರು ಮುಂದೆ ಬಂದು, ಪಂಡಾನಸ್ ಸೀಳುವ ಚಿತ್ರವನ್ನು ಇನ್ನೊಮ್ಮೆ ಹಾಕಿಸಿದರು. ಸ್ವಲ್ಪ ಹೊತ್ತು ನೋಡಿ, “ಅಂಚಿನ ಮುಳ್ಳು ತೆಗೆದಾಯಿತು, ಬೆನ್ನಿನ ಮುಳ್ಳು ಹೇಗೆ ತೆಗೆಯುತ್ತಾರಂತೆ?” ಎಂದರು. ನನಗೆ ಗೊತ್ತಿರಲಿಲ್ಲ. ಅವರು ಕೈಯಲ್ಲಿದ್ದ ಆಹ್ವಾನ ಪತ್ರಿಕೆಯನ್ನು ಉದ್ದಕ್ಕೆ ಮಡಚಿ, ಅದೇ ಮುಂಡಿಗೆ ಎಲೆ ಎಂದುಕೊಂಡು, ಹೆಬ್ಬೆರಳನ್ನು ನಡುವೆ ಊರಿ ತಮ್ಮ ಕಡೆಗೆ ಎಳೆದು ತೋರಿಸಿದರು.